ಭತ್ತದ ಗದ್ದೆಯ ನೀರುಹಕ್ಕಿಗಳು: ಕೊಕ್ಕು ಮತ್ತು ಕಾಲುಗಳ ರಚನೆ

ಕಾವೇರಿ ಅಚ್ಚುಕಟ್ಟು ಪ್ರದೇಶದಲ್ಲಿ ಭತ್ತದ ನಾಟಿ ಆರಂಭವಾಗುತ್ತಿದ್ದಂತೆಯೇ ನೀರು ನಿಂತ ಗದ್ದೆಗಳಿಗೆ ಹಲವು ಬಗೆಯ ನೀರುಹಕ್ಕಿಗಳು ಬಂದಿಳಿಯುತ್ತವೆ. ಪೈರು ಹಾಳಾದೀತೆಂಬ ಆತಂಕದಿಂದ ಎಲ್ಲ ಹಕ್ಕಿಗಳನ್ನೂ ಓಡಿಸುವುದುಂಟು. ಇದು ಸರಿಯಾದ ಕ್ರಮವಲ್ಲ. ಯಾವ ಹಕ್ಕಿ ಏನನ್ನು ತಿನ್ನುತ್ತದೆ ಎಂಬುದನ್ನು ಅದರ ಕೊಕ್ಕು ಮತ್ತು ಕಾಲುಗಳಿಂದಲೇ ಬಹುಮಟ್ಟಿಗೆ ತಿಳಿಯಬಹುದು.

ಬೆಳ್ಳಕ್ಕಿ ಹಾಗೂ ಕೊಳದ ಬಕಗಳು ಈಜುವ ಹಕ್ಕಿಗಳಲ್ಲ. ನೀಳವಾದ ಕಾಲುಗಳ ಮೇಲೆ ಆಳವಿಲ್ಲದ ನೀರಿನಲ್ಲಿ ನಡೆಯುವಂಥವು. ಕತ್ತಿನ ಆರನೆಯ ಕಶೇರುಮಣಿಯ ವಿಶಿಷ್ಟ ರಚನೆಯಿಂದಾಗಿ ಕತ್ತು ಬಾಗಿ ನಿಂತು, ಬೇಟೆ ಕಂಡೊಡನೆ ಈಟಿಯಂತೆ ಮುಂದಕ್ಕೆ ಚಿಮ್ಮುತ್ತದೆ. ಮೀನು, ಕಪ್ಪೆಗಳೊಂದಿಗೆ ಮಿಡತೆ, ಕಂಬಳಿಹುಳುಗಳೂ ಇವುಗಳ ಆಹಾರ. ಕೆಂಬರಲಿನ ಕೆಳಬಾಗಿದ ಉದ್ದ ಕೊಕ್ಕು ಕೆಸರಿನೊಳಗಿನ ಹುಳುಗಳನ್ನು ಸ್ಪರ್ಶದಿಂದಲೇ ಪತ್ತೆಹಚ್ಚುತ್ತದೆ.

ಎಲ್ಲಕ್ಕಿಂತ ವಿಶೇಷವಾದುದು ಬಾಯ್ಕಳಕದ ಕೊಕ್ಕು. ಬೆಳೆದ ಹಕ್ಕಿಯಲ್ಲಿ ಕೊಕ್ಕು ಮುಚ್ಚಿದಾಗಲೂ ಮಧ್ಯದಲ್ಲಿ ಸಂದು ಉಳಿಯುತ್ತದೆ. ಮರಿಗಳಲ್ಲಿ ಈ ಸಂದು ಇರುವುದಿಲ್ಲ. ಇದು ಬಸವನಹುಳುವಿನ ಚಿಪ್ಪನ್ನು ಅಡಕತ್ತರಿಯಂತೆ ಒಡೆಯುವುದಕ್ಕಾಗಿ ಇದೆಯೆಂಬ ಊಹೆ ಹಿಂದೆ ಪ್ರಚಲಿತವಾಗಿತ್ತು. ವಾಸ್ತವವಾಗಿ ಹಕ್ಕಿಯು ಕೆಳಕೊಕ್ಕಿನ ತುದಿಯನ್ನು ಚಿಪ್ಪಿನ ಬಾಯಿಯೊಳಗೆ ತೂರಿಸಿ, ಸ್ನಾಯುವನ್ನು ಕತ್ತರಿಸಿ, ಮಾಂಸವನ್ನು ಹೊರಗೆಳೆಯುತ್ತದೆ. ಬದುವಿನ ಮೇಲೆ ಒಡೆಯದ ಖಾಲಿ ಚಿಪ್ಪುಗಳು ಬಿದ್ದಿದ್ದರೆ ಅದು ಈ ಹಕ್ಕಿಯ ಕೆಲಸವಾಗಿರಬಹುದು. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಇವು ಗೂಡು ಕಟ್ಟುತ್ತವೆ. ಸುತ್ತಲಿನ ಗದ್ದೆಗಳಲ್ಲಿ ಆಹಾರ ಅರಸುತ್ತವೆ. ಆದುದರಿಂದ ಏಡಿ, ಬಸವನಹುಳುಗಳ ನಾಶಕ್ಕೆಂದು ಗದ್ದೆಗೆ ಎಸೆದ ವಿಷದ ಹರಳುಗಳು ಈ ಹಕ್ಕಿಗಳ ಹೊಟ್ಟೆಯನ್ನೂ ಸೇರುವ ಅಪಾಯವಿದೆ. ಶಿಫಾರಸು ಇಲ್ಲದೆ ಇವುಗಳನ್ನು ಬಳಸಕೂಡದು.

ನೀರುಕಾಗೆ, ಗುಳುಮುಳುಕಗಳ ಕಾಲುಗಳು ದೇಹದ ಹಿಂಭಾಗದಲ್ಲಿದ್ದು ಮುಳುಗುವುದಕ್ಕೆ ಅನುಕೂಲವಾಗಿವೆ. ಇವು ಕೆರೆಯ ಹಕ್ಕಿಗಳು. ಪೈರಿಗೆ ಇವುಗಳಿಂದ ತೊಂದರೆಯಿಲ್ಲ.

ರೈತರ ದೂರು ನಿಜವಾಗಿಯೂ ಅನ್ವಯಿಸುವುದು ನೇರಳೆ ಜಂಬುಕೋಳಿಗೆ. ಮೋಟಾದ, ದಪ್ಪನೆಯ ಕೆಂಪು ಕೊಕ್ಕು ಮತ್ತು ಹಿಡಿತಕ್ಕೆ ಒಗ್ಗಿದ ಉದ್ದ ಬೆರಳುಗಳು ಸಸ್ಯಾಹಾರದ ಗುರುತು. ಇದು ಪೈರನ್ನು ಕಿತ್ತು, ಒಂದು ಕಾಲಿನಲ್ಲಿ ಹಿಡಿದು, ಬುಡದ ಎಳೆಯ ತಿರುಳನ್ನು ತಿನ್ನುತ್ತದೆ. ಜೊಂಡು ಬೆಳೆದ ಕೆರೆಯಂಚಿನ ಗದ್ದೆಗಳಲ್ಲಿ ಹಾವಳಿ ಹೆಚ್ಚು. ಆದರೂ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನ್ವಯ ಇದನ್ನು ಕೊಲ್ಲುವುದು ಅಪರಾಧ. ಬದುವಿನ ಬದಿಯ ಜೊಂಡನ್ನು ಕತ್ತರಿಸಿ, ಸಸಿಮಡಿಗೆ ಬಲೆ ಹೊದಿಸಿ, ನಾಟಿಯಾದ ಮೊದಲ ವಾರಗಳಲ್ಲಿ ಕೆರೆಯ ಕಡೆಯ ಅಂಚಿಗೆ ಹೊಳೆಯುವ ರಿಬ್ಬನ್ ಕಟ್ಟುವುದು ಸೂಕ್ತ. ಹಕ್ಕಿಗಳು ರಿಬ್ಬನ್ನಿಗೆ ಬೇಗನೆ ಒಗ್ಗಿಕೊಳ್ಳುವುದರಿಂದ ಅದರ ಸ್ಥಾನವನ್ನು ಆಗಾಗ್ಗೆ ಬದಲಿಸಬೇಕು.