ಧರ್ಮಕೇಂದ್ರಗಳಿಗೆ ಧರ್ಮಗುರುಗಳ ನೇಮಕ: ಧರ್ಮಸಭೆಯ ಕಾನೂನು ಏನನ್ನುತ್ತದೆ?

ವರ್ಗಾವಣೆ ಪಟ್ಟಿ ಹೊರಬಿದ್ದ ಭಾನುವಾರ ಚರ್ಚ್ ಅಂಗಳದಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ನಮ್ಮ ಫಾದರನ್ನು ಯಾಕೆ ತೆಗೆದರು? ನಮ್ಮನ್ನು ಯಾರು ಕೇಳಿದರು?" ಪ್ರಶ್ನೆ ನ್ಯಾಯವಾದುದೇ. ಉತ್ತರ ಇರುವುದು 1983ರಲ್ಲಿ ಪೋಪ್ ದ್ವಿತೀಯ ಜಾನ್ ಪಾವ್ಲರು ಪ್ರಕಟಿಸಿದ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ.

ಪ್ರಧಾನ ಧರ್ಮಗುರುಗಳನ್ನು ನೇಮಿಸುವ ಅಧಿಕಾರ ಸಾಮಾನ್ಯವಾಗಿ ಬಿಷಪರದ್ದು (523ನೇ ವಿಧಿ). ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಸಭೆಯವರೇ ಪಾಲಕರನ್ನು ಹುಡುಕಿ, ಮತ ಹಾಕಿ ಕರೆಯುವ ಪದ್ಧತಿಯಿದೆ, ನಮ್ಮಲ್ಲಿ ಅದಿಲ್ಲ. ಹಾಗೆಂದು ಬಿಷಪರು ಮನಬಂದಂತೆ ನೇಮಿಸುವಂತೆಯೂ ಇಲ್ಲ. 524ನೇ ವಿಧಿಯ ಪ್ರಕಾರ ಅವರು ಮುಖ ನೋಡಿ ಮಣೆ ಹಾಕದೆ, ಆ ಧರ್ಮಕೇಂದ್ರಕ್ಕೆ ತಕ್ಕವರನ್ನೇ ಆರಿಸಬೇಕು. ವಲಯದ ಮುಖ್ಯ ಗುರುಗಳ ಅಭಿಪ್ರಾಯ ಪಡೆಯಬೇಕು, ಸೂಕ್ತವಾಗಿ ವಿಚಾರಿಸಬೇಕು, ಅಗತ್ಯ ಕಂಡರೆ ಕೆಲವು ಗುರುಗಳನ್ನೂ ಶ್ರೀಸಾಮಾನ್ಯರನ್ನೂ ಆಲಿಸಬೇಕು. ಈ "ಅಗತ್ಯ ಕಂಡರೆ" ಎಂಬ ಮಾತು ಇನ್ನಷ್ಟು ಬಾರಿ ಬಳಕೆಗೆ ಬರಲಿ ಎಂಬುದು ನಮ್ಮ ಆಶಯ. ತಮ್ಮ ಅಗತ್ಯಗಳನ್ನು ಪಾಲಕರಿಗೆ ತಿಳಿಸುವ ಸ್ವಾತಂತ್ರ್ಯ 212ನೇ ವಿಧಿಯಂತೆ ಭಕ್ತಾದಿಗಳಿಗೆ ಇದ್ದೇ ಇದೆ. ಪಟ್ಟಿ ಬಂದ ಮೇಲೆ ಬಸ್ಸು ಮಾಡಿಕೊಂಡು ಬಿಷಪರ ನಿವಾಸಕ್ಕೆ ಹೋಗುವುದಕ್ಕಿಂತ, ಪಾಲನಾ ಮಂಡಳಿ ಮೊದಲೇ ಒಂದು ಪತ್ರ ಬರೆಯುವುದು ಲೇಸು.

ಕಪುಚಿನ್, ಜೆಸುಯಿಟ್ ಮುಂತಾದ ಸಂಸ್ಥೆಗಳ ಗುರುಗಳಾದರೆ ಸಂಸ್ಥೆಯ ಮೇಲಧಿಕಾರಿಗಳು ಹೆಸರು ಸೂಚಿಸುತ್ತಾರೆ ಅಥವಾ ಒಪ್ಪಿಗೆ ನೀಡುತ್ತಾರೆ, ನೇಮಕ ಬಿಷಪರದ್ದೇ.

ಇನ್ನು ವರ್ಗಾವಣೆ. 522ನೇ ವಿಧಿ ಪ್ರಧಾನ ಧರ್ಮಗುರುಗಳಿಗೆ ಸ್ಥಿರತೆ ಇರಬೇಕೆನ್ನುತ್ತದೆ. ನಿಗದಿತ ಅವಧಿಯ ನೇಮಕಕ್ಕೆ ಆ ದೇಶದ ಬಿಷಪರ ಮಂಡಳಿಯ ಅನುಮತಿ ಬೇಕು. ಒಳ್ಳೆಯ ಸೇವೆ ಮಾಡುತ್ತಿರುವವರನ್ನೂ ಇನ್ನೊಂದು ಕಡೆಯ ಅಗತ್ಯಕ್ಕಾಗಿ ಕಳುಹಿಸಬಹುದು. ಆಗ ಬಿಷಪರು ಲಿಖಿತವಾಗಿ ಪ್ರಸ್ತಾಪಿಸಿ, ದೇವರ ಮತ್ತು ಆತ್ಮಗಳ ಪ್ರೀತಿಗಾಗಿ ಒಪ್ಪುವಂತೆ ಕೇಳಿಕೊಳ್ಳಬೇಕು. ಗುರುಗಳು ಒಪ್ಪದಿದ್ದರೆ ಕಾರಣಗಳನ್ನು ಬರೆದು ಕೊಡುತ್ತಾರೆ. ಬಿಷಪರು ಇಬ್ಬರು ಪ್ರಧಾನ ಧರ್ಮಗುರುಗಳೊಂದಿಗೆ ಅವನ್ನು ತೂಗಿ ನೋಡಿ, ಆಮೇಲೂ ವರ್ಗಾವಣೆ ಬೇಕೆನಿಸಿದರೆ ತಂದೆಯಂತೆ ಮತ್ತೊಮ್ಮೆ ಹೇಳಿ ನೋಡಬೇಕು. ಕೊನೆಗಷ್ಟೇ ಆಜ್ಞೆ. ಆತ್ಮಗಳ ರಕ್ಷಣೆಯೇ ಪರಮ ಕಾನೂನು ಎಂಬ ಪ್ರಸಿದ್ಧ ಮಾತು ಬರುವುದು ಸಂಹಿತೆಯ ಕಟ್ಟಕಡೆಯ 1752ನೇ ವಿಧಿಯಲ್ಲಿ. ಆ ವಿಧಿ ಆರಂಭವಾಗುವುದೇ ವರ್ಗಾವಣೆಯ ವಿಷಯದಿಂದ ಎಂಬುದು ಹಲವರಿಗೆ ಗೊತ್ತಿಲ್ಲ.

75 ವರ್ಷ ತುಂಬಿದವರು ರಾಜೀನಾಮೆ ಸಲ್ಲಿಸಬೇಕೆಂದು ಕೋರಲಾಗುತ್ತದೆ. ಸ್ವೀಕರಿಸುವುದೋ ಮುಂದೂಡುವುದೋ ಬಿಷಪರು ತೀರ್ಮಾನಿಸುತ್ತಾರೆ. ಹೊಸ ಗುರುಗಳಿಗೆ ನೇಮಕ ಪತ್ರ ಸಿಕ್ಕಿದರಷ್ಟೇ ಸಾಲದು. 527ನೇ ವಿಧಿಯಂತೆ ಅವರು ವಿಧಿಪೂರ್ವಕ ಅಧಿಕಾರ ಸ್ವೀಕರಿಸಿದ ಮೇಲೆಯೇ ಧರ್ಮಕೇಂದ್ರದ ಹೊಣೆ ಅವರದಾಗುತ್ತದೆ.