ಚೆಂಡು, ಹಡಗು, ಬಾಡಿಗೆ ಮನೆ

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ದಸರಾ ಆನೆ ನಡೆಯುವುದನ್ನು ನಾಡೆಲ್ಲ ನೋಡಿದೆ. ಆ ರಸ್ತೆಯ ಜಾಗದಲ್ಲಿ ಒಂದು ಕಾಲಕ್ಕೆ ನಾಲೆ ಇತ್ತು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕಾವೇರಿ ನೀರನ್ನು ಪಟ್ಟಣಕ್ಕೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ತೋಡಿಸಲು ಹೊರಟ ನಾಲೆ ಅದು. ಕಾವೇರಿ ಬರಲಿಲ್ಲ. ಬರೀ ಹಳ್ಳ ಉಳಿಯಿತು. ಆಮೇಲೆ ಅದನ್ನು ಮುಚ್ಚಿ, ಮೇಲೆ ರಸ್ತೆ ಮಾಡಿ, ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಹೆಸರಿಟ್ಟರು. ಈ ಹೆಸರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

ಆ ರಸ್ತೆಯಿಂದ ಪಕ್ಕಕ್ಕೆ ಹೊರಳಿದರೆ ಮಂಡಿ ಮೊಹಲ್ಲಾ. ಮಂಡಿ ಅಂದರೆ ಸಗಟು ವ್ಯಾಪಾರದ ಜಾಗ. ಸಾಹುಕಾರ ಗಾದಿ ಮೇಲೆ, ಮೂಟೆ ಕೂಲಿಯವನ ಬೆನ್ನ ಮೇಲೆ. 1906ರಿಂದ ಇಲ್ಲಿ ಮಿಷನ್ ಆಸ್ಪತ್ರೆ ಇದೆ. ಅಕ್ಬರ್ ರಸ್ತೆಯೂ ಇದೆ, ಪುಲಿಕೇಶಿ ರಸ್ತೆಯೂ ಇದೆ. ಇಬ್ಬರು ಚಕ್ರವರ್ತಿಗಳು ಜಗಳವಿಲ್ಲದೆ ಒಂದೇ ಮೊಹಲ್ಲಾದಲ್ಲಿ ಇದ್ದಾರೆ. ಅಂಗಡಿ ಬಾಗಿಲು ಎಳೆದ ದಿನ ಗಲ್ಲಿಗಳಲ್ಲಿ ಹುಡುಗರ ಕ್ರಿಕೆಟ್ಟು. ಗೋಡೆ ಮೇಲೆ ಇದ್ದಿಲಲ್ಲಿ ಎಳೆದ ಮೂರು ಗೆರೆಯೇ ವಿಕೆಟ್ಟು. ಸಾಬರ ಹುಡುಗ ಎಸೀತಾನೆ, ಶೆಟ್ಟರ ಹುಡುಗ ಹೊಡೀತಾನೆ, ನಮ್ಮ ಹುಡುಗ ಚರಂಡಿಗೆ ಬಿದ್ದ ಚೆಂಡು ತರ್ತಾನೆ. (ಚರಂಡಿಗೆ ಕೈ ಹಾಕೋ ಸರದಿ ಯಾಕೆ ಪ್ರತಿಸಲ ಅವನದೇ ಅಂತ ನಿಂತು ನೋಡಿದವರಿಗೆ ಹೊಳೆಯುತ್ತದೆ.)

ಅಲ್ಲಿ ಆಡುತ್ತಿದ್ದ ಒಬ್ಬ ಹುಡುಗನ ಅಪ್ಪ ಮೂಟೆ ಹೊರುವವನು. ಹನ್ನೊಂದು ತಿಂಗಳಿಗೊಂದು ಮನೆ ಬದಲಾಯಿಸಿ ಬದಲಾಯಿಸಿ ಆ ಸಂಸಾರ ಸುಸ್ತಾಗಿತ್ತು. ದೊಡ್ಡವನಾದ ಮೇಲೆ ಏನಾಗ್ತೀಯೋ ಅಂತ ಕೇಳಿದ್ದಕ್ಕೆ ಅವನು ಹೇಳಿದ: "ಕ್ರಿಕೆಟ್ ಆಡಿ ದುಡ್ಡು ಮಾಡಿ ಒಂದು ದೋಣಿ ತಗೋತೀನಿ ಸಾರ್. ದೋಣೀಲೇ ಮನೆ. ಅಲ್ಲಿ ಓನರ್ ಇರಲ್ಲ ಅಲ್ವಾ ಸಾರ್?"

ಉಳ್ಳವರಿಗೂ ದೋಣಿಯಲ್ಲಿ ಬದುಕುವ ಕನಸು ಇರುತ್ತದೆ. ಅದು ಮನೆ ಇದ್ದವರ ಕನಸು. ಬೇಸರ ಕಳೆಯಲು ನೀರಿನ ಮೇಲೆ ಇನ್ನೊಂದು ಮನೆ. ನಮ್ಮ ಹುಡುಗನದು ಹಾಗಲ್ಲ. ಅವನು ಹುಡುಕುತ್ತಿರುವುದು "ನೀವು ಯಾವ ಜನ?" ಎಂದು ಕೇಳದ ಒಂದು ಹೊಸ್ತಿಲು. ಕಾಶ್ಮೀರದ ದಾಲ್ ಸರೋವರದ ದೋಣಿಮನೆಗಳ ಕತೆಯೂ ಇದೇ ದಾರಿಯದು: ಹೊರಗಿನವರು ನೆಲ ಕೊಳ್ಳಬಾರದೆಂದು ಅಲ್ಲಿಯ ದೊರೆಯ ಕಟ್ಟಳೆ ಇದ್ದುದರಿಂದ ಇಂಗ್ಲಿಷರು ನೀರಿನ ಮೇಲೆ ಮನೆ ಮಾಡಿಕೊಂಡರು ಅನ್ನುತ್ತಾರೆ. ನೆಲ ಕೊಡದಿದ್ದರೆ ಮನುಷ್ಯ ನೀರನ್ನು ನೋಡುತ್ತಾನೆ. ಆದರೆ ದೊರೆಗಳಿಗೆ ಅದು ಒಂದು ಕಣಿವೆಯಲ್ಲಿ ಮಾತ್ರ. ನಮಗೆ ಊರೂರಲ್ಲೂ.

ಚೆಂಡು ಹಿಡಿದುಕೊಂಡು ಹಡಗು ಹತ್ತಿದ ನಮ್ಮವನೊಬ್ಬ ಚರಿತ್ರೆಯಲ್ಲಿ ಇದ್ದಾನೆ. ಅವನು ಹುಟ್ಟಿದ್ದು ನಮ್ಮ ಧಾರವಾಡದಲ್ಲೇ, 1870ರ ದಶಕದಲ್ಲಿ. ಹೆಸರು ಪಾಲವಣಕರ್ ಬಾಲೂ. ಚಮ್ಮಾರ ಜಾತಿ. ಅಪ್ಪ ಸಿಪಾಯಿ. ಕ್ರಿಕೆಟ್ ಚೆಂಡಿನ ಮೇಲಿನದು ದನದ ಚರ್ಮ. ಅದನ್ನು ಸುಲಿದು, ಹದ ಮಾಡಿ, ಹೊಲಿದವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೊಲಿದ ಕೈಗೆ ಆ ಚೆಂಡು ಎಸೆಯಲು ಸಿಕ್ಕಿದ್ದು ಬಾಲೂವಿನಿಂದ ಎಂದು ಇಟ್ಟುಕೊಳ್ಳೋಣ.

ಪುಣೆಯ ದೊರೆಗಳ ಕ್ಲಬ್ಬಿನಲ್ಲಿ ಅವನಿಗೆ ತಿಂಗಳಿಗೆ 4 ರೂಪಾಯಿ ಸಂಬಳ. ಕೆಲಸ ಪಿಚ್ಚು ಉರುಳಿಸುವುದು, ಬಲೆ ಕಟ್ಟುವುದು. ಇಂಗ್ಲಿಷ್ ಆಟಗಾರ ಗ್ರೇಗ್ ಅಭ್ಯಾಸಕ್ಕೆ ಅಂತ ಇವನ ಕೈಲಿ ಎಸೆಸಿಕೊಂಡ. ದಿನಾ ಗಂಟೆಗಟ್ಟಲೆ ಎಸೆದೂ ಎಸೆದೂ ಎಡಗೈ ಸ್ಪಿನ್ನಿನಲ್ಲಿ ಬಾಲೂ ದೊಡ್ಡ ಮಾಂತ್ರಿಕನಾದ. ಬ್ಯಾಟು ಮಾತ್ರ ಅವನ ಕೈಗೆ ಕೊಡಲಿಲ್ಲ. ಬ್ಯಾಟು ದೊರೆಯದು, ಬೆವರು ಆಳಿನದು. ಈ ಲೆಕ್ಕ ಹೊಲದಲ್ಲೂ ಇದೇ ತಾನೆ?

ಪುಣೆಯ ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸುವ ಆಸೆ. ಸೋಲಿಸಬಲ್ಲ ಕೈ ಇದ್ದದ್ದು ಚಮ್ಮಾರನ ಹತ್ತಿರ. ಪೇಚಿಗೆ ಬಿತ್ತು ಮಡಿ. ಕೊನೆಗೆ ತಗೊಂಡರು. ಹೇಗೆ ತಗೊಂಡರು ಅನ್ನುವುದನ್ನು ರಾಮಚಂದ್ರ ಗುಹಾ 2002ರ ತಮ್ಮ ಕ್ರಿಕೆಟ್ ಚರಿತ್ರೆಯಲ್ಲಿ ಬರೆದಿದ್ದಾರೆ: ಮೈದಾನದಲ್ಲಿ ಬ್ರಾಹ್ಮಣ ಆಟಗಾರರು ಅವನು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಅವರು ಒಳಗೆ, ಬಾಲೂ ಹೊರಗೆ. ಅವರಿಗೆ ಪಿಂಗಾಣಿ ಕಪ್ಪು, ಇವನಿಗೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಊಟಕ್ಕೂ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಬೇಕೆಂದರೆ ನೀರು ಹೊಯ್ಯಲು ಇನ್ನೊಬ್ಬ ಅಸ್ಪೃಶ್ಯ ಆಳೇ ಬರಬೇಕು. ಚೆಂಡಿಗೆ ಮೈಲಿಗೆ ಇಲ್ಲ, ಕಪ್ಪಿಗೆ ಇದೆ! ಈ ಶಾಸ್ತ್ರವನ್ನು ಯಾವ ಸ್ಮೃತಿಯಲ್ಲಿ ಬರೆದಿದ್ದಾರೋ ಪಂಡಿತರು ಹೇಳಬೇಕು. ಲಾಭ ಇರುವ ಕಡೆ ಮಡಿ ತಾನಾಗಿ ಸಡಿಲವಾಗುತ್ತದೆ, ಅಷ್ಟೆ.

ಬಾಲೂ ಆಮೇಲೆ ಮುಂಬೈಗೆ ಹೋದ. 1906ರಲ್ಲಿ ಹಿಂದೂಗಳು ಯೂರೋಪಿಯನ್ನರನ್ನು 109 ರನ್ನಿನಿಂದ ಸೋಲಿಸಿದ ಆಟದಲ್ಲಿ ಅವನೂ ಅವನ ತಮ್ಮ ಶಿವರಾಮನೂ ಆಡಿದ್ದರು. ಪತ್ರಿಕೆಗಳು ದೇಶದ ವಿಜಯ ಎಂದವು. ಗೆದ್ದಾಗ ನಾವೂ ಹಿಂದೂಗಳೇ!

1911ರಲ್ಲಿ ಭಾರತದ ಹೆಸರಿನ ಮೊದಲ ತಂಡ ಇಂಗ್ಲೆಂಡಿಗೆ ಹಡಗು ಹತ್ತಿತು. ನಾಯಕ ಪಟಿಯಾಲದ ಹರೆಯದ ಮಹಾರಾಜ ಭೂಪಿಂದರ್ ಸಿಂಗ್. ಪಾರಸಿಗಳು, ಹಿಂದೂಗಳು, ಮುಸಲ್ಮಾನರು. ನಮ್ಮ ಸೀಮೆಯಿಂದ ಬೆಂಗಳೂರಿನ ಬಿ. ಜಯರಾಂ. ಜೊತೆಗೆ ಚಮ್ಮಾರರ ಇಬ್ಬರು ಮಕ್ಕಳು, ಬಾಲೂ ಮತ್ತು ಶಿವರಾಂ.

ಈ ಹಡಗಿನ ಬೆಲೆ ತಿಳಿಯಬೇಕಾದರೆ ಒಂಬತ್ತು ವರ್ಷ ಹಿಂದೆ ಹೋದ ಇನ್ನೊಂದು ಹಡಗನ್ನು ನೋಡಬೇಕು. ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಅನ್ನುವುದು ಮೇಲಿನವರ ಭಯ. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೊರಟ ಜೈಪುರದ ಮಹಾರಾಜ ಎರಡನೇ ಮಾಧೋಸಿಂಗ್, ಒಲಿಂಪಿಯಾ ಎಂಬ ಹಡಗನ್ನೇ ಗೊತ್ತುಮಾಡಿಕೊಂಡು, ಒಂದೊಂದೂ 345 ಕಿಲೋ ತೂಗುವ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದ. ಸುತ್ತ ಸಮುದ್ರ, ನಡುವೆ ಗಂಗೆ, ಅದರ ನಡುವೆ ರಾಜನ ಮಡಿ. ನಮ್ಮ ನಾಲ್ವಡಿಯವರೂ ಯೂರೋಪಿಗೆ ಹೋದದ್ದು 1936ರಲ್ಲಿ.

ಬಾಲೂಗೆ ಈ ತಾಪತ್ರಯ ಇರಲಿಲ್ಲ. ಕಳೆದುಕೊಳ್ಳೋಕೆ ಅಂತ ಅವನ ಹತ್ತಿರ ಜಾತಿಯ ಗೌರವ ಎಲ್ಲಿತ್ತು? ಹಡಗಿನಲ್ಲಿ ಊರ ಬಾವಿ ಬೇರೆ, ಕೇರಿ ಬಾವಿ ಬೇರೆ ಅಂತ ತೋಡಲು ಬರುವುದಿಲ್ಲ. ಊರಾಚೆ ಅನ್ನಲು ಜಾಗವಿಲ್ಲ, ಆಚೆ ಇರುವುದೆಲ್ಲ ನೀರು. ದೋಣಿ ಕನಸಿನ ನಮ್ಮ ಹುಡುಗ ತಿಳಿದೋ ತಿಳಿಯದೆಯೋ ಇದನ್ನೇ ಕಂಡಿದ್ದಾನೆ. ಆದರೂ ಹಡಗನ್ನು ಸ್ವರ್ಗ ಎಂದು ಹಾಡಿ ಹೊಗಳುವುದು ಬೇಡ. ಮೇಲಿನ ಅಂತಸ್ತಿನಲ್ಲಿ ಮೊದಲ ದರ್ಜೆಯ ಮೇಜು. ತಳದ ಕುಲುಮೆಯಲ್ಲಿ ಇದ್ದಿಲು ಎರಚುತ್ತಿದ್ದವರು ಲಸ್ಕರುಗಳು, ನಮ್ಮ ದೇಶದ ಬಡವರೇ. ಮಂಡಿ ಮೊಹಲ್ಲಾದ ನೆರೆಯ ಲಷ್ಕರ್ ಮೊಹಲ್ಲಾದ ಹೆಸರಿನಲ್ಲಿರುವುದೂ ಅದೇ ಪದ. ಕಬ್ಬಿನ ತೋಟಗಳಿಗೆ ಕೂಲಿಗಳನ್ನು ತುಂಬಿಕೊಂಡು ಹೋದದ್ದೂ ಹಡಗುಗಳೇ. ಹಡಗಿಗೂ ಕೆಳಮನೆ ಉಂಟು.

ಆ ಬೇಸಿಗೆ ಇಂಗ್ಲೆಂಡಿನಲ್ಲಿ ತಂಡ ಸೋತದ್ದೇ ಹೆಚ್ಚು. ನಾಯಕ ಮಹಾರಾಜನಿಗೆ ಆಟಕ್ಕಿಂತ ಔತಣಕೂಟಗಳ ಕಡೆ ಗಮನ. ಬಾಲೂ ಒಬ್ಬನೇ ಎಲ್ಲ ಆಟ ಸೇರಿ 114 ವಿಕೆಟ್ ತೆಗೆದ. ಲೀಸೆಸ್ಟರ್‌ಶೈರ್ ತಂಡವನ್ನು ಸೋಲಿಸಿದ್ದು ಅವನ ಕೈ. ಸಾಮರ್ಸೆಟ್ ಮೇಲೆ ಗೆದ್ದಾಗ ಶತಕ ಹೊಡೆದವನು ಶಿವರಾಂ. ಮುಂಬೈಗೆ ವಾಪಸು ಬಂದಾಗ ದಲಿತರು ಅವನಿಗೆ ಸನ್ಮಾನ ಮಾಡಿದರು. ಆಗಿನ್ನೂ ಕಾಲೇಜು ಹುಡುಗನಾಗಿದ್ದ ಭೀಮರಾವ್ ಅಂಬೇಡ್ಕರರಿಗೂ ಆ ಸನ್ಮಾನದಲ್ಲಿ ಪಾತ್ರವಿತ್ತೆಂದು ಗುಹಾ ದಾಖಲಿಸಿದ್ದಾರೆ.

ಹಡಗು ಇಳಿದ ಮೇಲೆ ನೆಲ ಹಳೆಯದೇ. ಬಾಲೂ ಆಡಿದಷ್ಟು ಕಾಲ ಹಿಂದೂ ತಂಡಕ್ಕೆ ನಾಯಕನಾಗಲಿಲ್ಲ. ಅವನಿಗಿಂತ ಕಿರಿಯರು, ಅವನಷ್ಟು ಆಡದವರು ನಾಯಕರಾದರು. 1920ರಲ್ಲಿ ತಮ್ಮಂದಿರಾದ ಶಿವರಾಂ, ವಿಠ್ಠಲ್ ಇದನ್ನು ಪ್ರತಿಭಟಿಸಿ ತಂಡದಿಂದ ಹೊರಗೆ ನಿಂತರು. ಬೌಲಿಂಗ್ ಮಾಡು, ಗೆಲ್ಲಿಸು, ಆಜ್ಞೆ ಮಾತ್ರ ಮಾಡಬೇಡ ಅನ್ನುವವರಿಗೆ ಅವರು ಕೊಟ್ಟ ಉತ್ತರ ಅದು. ನಮ್ಮ ಚಳವಳಿಗಳ ಚರಿತ್ರೆ ಬರೆಯುವವರು ಈ 1920ರ ಬಹಿಷ್ಕಾರವನ್ನು ಯಾಕೆ ಬಿಡುತ್ತಾರೋ ನನಗೆ ಅರ್ಥವಾಗಿಲ್ಲ. ವಿಠ್ಠಲ್ ನಾಯಕನಾದದ್ದು 1923ರಲ್ಲಿ.

ಈಗ ಸಯಾಜಿರಾಯರ ಕತೆಗೆ ಬರೋಣ. 1913ರಲ್ಲಿ ಅಂಬೇಡ್ಕರರನ್ನು ಹಡಗು ಹತ್ತಿಸಿ ಅಮೆರಿಕಕ್ಕೆ ಕಳಿಸಿದ್ದು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ, ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಓದು ಮುಗಿಸಿ ವಾಪಸು ಬಂದು ಸಂಸ್ಥಾನಕ್ಕೆ ಕೆಲಸ ಮಾಡಬೇಕೆಂಬುದು ಕರಾರು. 1917ರಲ್ಲಿ ಯುದ್ಧದ ಸಮುದ್ರದಲ್ಲಿ ಅವರ ಪುಸ್ತಕದ ಪೆಟ್ಟಿಗೆಗಳು ಮುಳುಗಿದವು, ಅವರು ಬದುಕಿ ಬಂದರು. ಬರೋಡ ರೈಲ್ವೆ ನಿಲ್ದಾಣದಲ್ಲಿ ಇಳಿದು ನಿಂತಾಗ ಪ್ರಶ್ನೆ ಒಂದೇ: ಎಲ್ಲಿ ಉಳಿಯುವುದು? ಪರದೇಶದಲ್ಲಿದ್ದ ಐದು ವರ್ಷ ತಾನು ಅಸ್ಪೃಶ್ಯ ಅನ್ನುವುದನ್ನೇ ತನ್ನ ಮನಸ್ಸಿನಿಂದ ಅಳಿಸಿಹಾಕಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಬರೋಡದ ನೆಲ ಅದನ್ನು ಮತ್ತೆ ನೆನಪಿಸಿತು. ಹಿಂದೂ ಹೋಟೆಲು ಸೇರಿಸದು. ಪಾರಸಿಗಳ ಛತ್ರವೊಂದರಲ್ಲಿ ಪಾರಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು, ಮಹಡಿ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಗುಂಪು ಬಂತು. ಸಂಜೆಯೊಳಗೆ ಖಾಲಿ ಮಾಡು ಅಂದಿತು. ಹಿಂದೂ ಸ್ನೇಹಿತನ ಕಡೆ ಹೋದರೆ, ನೀನು ಬಂದರೆ ನನ್ನ ಆಳುಗಳು ಬಿಟ್ಟುಹೋಗುತ್ತಾರೆ ಎಂದ. ಕ್ರೈಸ್ತ ಸ್ನೇಹಿತ, ಹೆಂಡತಿಯನ್ನು ಕೇಳಬೇಕು ಎಂದ. ಕೊಲಂಬಿಯಾದಲ್ಲಿ ಕಲಿತ ಅಂಬೇಡ್ಕರರು ರಾತ್ರಿ ಒಂಬತ್ತರ ರೈಲಿಗೆ ಕಾಯುತ್ತ ಕಮಾಟಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಐದು ಗಂಟೆ ಕೂತರು.

ಹಡಗು ಹತ್ತಿಸಿದ ರಾಜನ ರಾಜಧಾನಿಯಲ್ಲೇ ಒಂದು ಕೋಣೆ ಸಿಗಲಿಲ್ಲ. ಆ ರಾಜನನ್ನು ಬೈಯುವುದು ನನ್ನ ಉದ್ದೇಶವಲ್ಲ. ಹಣ ಕೊಟ್ಟವನನ್ನು ನೆನೆಯಲೇಬೇಕು. ಆದರೆ ರಾಜ ವಿದ್ಯಾರ್ಥಿವೇತನ ಕೊಡಬಲ್ಲ, ನೌಕರಿ ಕೊಡಬಲ್ಲ, ಮನೆಮಾಲೀಕನ ಬಾಯಿಂದ "ಬನ್ನಿ" ಎಂಬ ಎರಡಕ್ಷರ ಹೊರಡಿಸಲಾರ. ಕ್ರಿಕೆಟ್ಟಿನದೂ ಅದೇ ಕತೆ. ಮೈದಾನದ ಬಾಗಿಲು ತೆಗೆಯಿತು, ಮನೆಯ ಬಾಗಿಲು ತೆಗೆಯಲಿಲ್ಲ.

ನೋವಿನ ಒಂದು ಸಂಗತಿ ಮುಚ್ಚಿಡಬಾರದು. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಬಾಲೂ ಅಂಬೇಡ್ಕರರ ಎದುರು ಪಕ್ಷದಲ್ಲಿದ್ದ. 1937ರ ಮುಂಬೈ ಶಾಸನಸಭೆ ಚುನಾವಣೆಗೆ ಕಾಂಗ್ರೆಸ್ಸು ಅಂಬೇಡ್ಕರರ ವಿರುದ್ಧ ಅವನನ್ನೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಲೂಗೆ 11,225. ನಾಯಕನ ಪಟ್ಟ ಕೊಡದವರು ಈ ಕೆಲಸಕ್ಕೆ ಮಾತ್ರ ಅವನನ್ನು ಮುಂದೆ ಮಾಡಿದರು. ನಮ್ಮವರ ಎದುರು ನಮ್ಮವರನ್ನೇ ಎಸೆಯುವ ಈ ಬೌಲಿಂಗು ಈಗಲೂ ನಡೆಯುತ್ತಲೇ ಇದೆ. ಆದರೂ ಬಾಲೂನನ್ನು ದ್ರೋಹಿ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದವನು ಒಂದು ದಿನ ಒಳಗೆ ಕರೆದಾರು ಎಂದು ನಂಬಿದ್ದ. ಅವನು ತೀರಿಕೊಂಡದ್ದು 1955ರ ಜುಲೈ 4ರಂದು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೆ, ಜೂನ್ 1ರಂದು, ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಜಾರಿಗೆ ಬಂದಿತ್ತು. ವಾಸದ ಮನೆಯ ವಿಚಾರದಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದೂ ಅದರ ಪ್ರಕಾರ ಅಪರಾಧವೇ. ಅದಕ್ಕೇ ಈಗಿನ ಓನರು ಬುದ್ಧಿವಂತ. ಇಲ್ಲ ಅನ್ನುವುದಿಲ್ಲ. ಊರು ಕೇಳುತ್ತಾನೆ, ಅಪ್ಪನ ಹೆಸರು ಕೇಳುತ್ತಾನೆ, ಮಾಂಸ ತಿಂತೀರಾ ಅಂತ ಕೇಳುತ್ತಾನೆ, ಆಮೇಲೆ "ಅಯ್ಯೋ, ಈಗ್ತಾನೆ ಬೇರೆಯವರಿಗೆ ಕೊಟ್ಬಿಟ್ವಲ್ಲಾ" ಅನ್ನುತ್ತಾನೆ. ಬೋರ್ಡು ಮಾತ್ರ ಮರುದಿನವೂ ತೂಗುತ್ತಿರುತ್ತದೆ. ಮೇಷ್ಟ್ರ ಕೆಲಸ ಸಿಕ್ಕಿ ಪಟ್ಟಣಕ್ಕೆ ಬಂದ ನಮ್ಮ ಗೆಳೆಯರನ್ನು ಕೇಳಿ, ಒಬ್ಬೊಬ್ಬರೂ ಇಂಥ ಹತ್ತು ಬೋರ್ಡಿನ ಲೆಕ್ಕ ಕೊಡುತ್ತಾರೆ.

ಮೈಸೂರಿನ ಕ್ರಿಕೆಟ್ ಚರಿತ್ರೆ ಚೆನ್ನಾಗಿಯೇ ದಾಖಲಾಗಿದೆ. 1934ರ ನವೆಂಬರ್ 4ರಂದು ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಆಟ ಮದ್ರಾಸಿನ ಚೆಪಾಕಿನಲ್ಲಿ ನಡೆದದ್ದು ಮದರಾಸಿಗೂ ನಮ್ಮ ಮೈಸೂರು ತಂಡಕ್ಕೂ. ಮೈಸೂರು ಮೊದಲು 48, ಆಮೇಲೆ 59. ಒಂದೇ ದಿನದಲ್ಲಿ ಆಟ ಮುಗಿಯಿತು. ಮೊದಲ ಚೆಂಡು ಎಸೆದವನು ಗೋಪಾಲನ್, ಎದುರಿಸಿದವನು ಕರ್ಟಿಸ್, ಅಲ್ಲಿಯವರೆಗೂ ಕಾಗದದಲ್ಲಿದೆ. ಮೈಸೂರಿನಲ್ಲೇ ಹುಟ್ಟಿದ ಚಂದ್ರಶೇಖರ್ 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು ಮುರಿದದ್ದು ಮಕ್ಕಳಿಗೂ ಬಾಯಿಪಾಠ. ಬಾಲೂ ಹಡಗು ಹತ್ತಿ ಆಗ ಸರಿಯಾಗಿ 60 ವರ್ಷ. ಆದರೆ ಮಹಾರಾಜಾ ಕಾಲೇಜು ಮೈದಾನದ ಪಿಚ್ಚಿಗೆ ನೀರು ಹೊಯ್ದವರು ಯಾರು? ರೋಲರ್ ಎಳೆದವರು ಯಾವ ಕೇರಿಯವರು? ಅವರಲ್ಲಿ ಯಾರ ಮಗನ ಕೈಗಾದರೂ ಒಂದು ಸಂಜೆ ಚೆಂಡು ಸಿಕ್ಕಿತ್ತೆ? ನಮ್ಮ ಹೆಣ್ಣುಮಕ್ಕಳ ಮಾತಂತೂ ಈ ಕಾಗದಗಳಲ್ಲಿ ಎಲ್ಲೂ ಬರುವುದೇ ಇಲ್ಲ.

ಅಶೋಕಪುರಂನಲ್ಲಿ, ಗಾಂಧಿನಗರದಲ್ಲಿ, ಮಂಡಿ ಮೊಹಲ್ಲಾದ ಹಿಂದಿನ ಓಣಿಗಳಲ್ಲಿ ಇದಕ್ಕೆ ಉತ್ತರ ಹೇಳಬಲ್ಲ ಮುದುಕರು ಇನ್ನೂ ಕೆಲವರಿದ್ದಾರೆ. ಹಾಸ್ಟೆಲಿನ ಗೆಳೆಯರು ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದುಕೊಂಡು ಹೋಗಿ. ಎಷ್ಟು ರನ್ ಹೊಡೆದಿರಿ ಅಂತ ಆಮೇಲೆ ಕೇಳಿ. ಆಟದ ನಡುವೆ ನೀರು ಎಲ್ಲಿ ಕುಡಿದಿರಿ, ಯಾವುದರಲ್ಲಿ ಕುಡಿದಿರಿ ಅಂತ ಮೊದಲು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ವರ್ಷ ಸಮೇತ ಬರೆದುಕೊಳ್ಳಿ.