ಅಪರಿಚಿತ ಬಂದರಿನಲ್ಲಿ ವಿಹಾರ ನೌಕೆ ಏರುವವರಿಗೆ ಮಾಹಿತಿ
(ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಪ್ರಯಾಣಿಕರ ಅವಗಾಹನೆಗಾಗಿ)

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಕರಾವಳಿ ತಾಲೂಕುಗಳ ಜನರಿಗೆ ಸಮುದ್ರವು ಹೊಸದಲ್ಲ. ಹೆಬಳೆ, ಶಿರಾಲಿ, ಮುರ್ಡೇಶ್ವರ, ಮಂಕಿ ಮುಂತಾದ ಊರುಗಳಲ್ಲಿ ದೋಣಿ ಏರುವುದೆಂದರೆ ಧಕ್ಕೆಗೆ ಹೋಗಿ ಕಾಲಿಡುವುದಷ್ಟೇ ಆಗಿರುತ್ತದೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗುವವರಾಗಲಿ, ಹೊನ್ನಾವರದಲ್ಲಿ ಶರಾವತಿಯ ದೋಣಿವಿಹಾರಕ್ಕೆ ಹೋಗುವವರಾಗಲಿ ಜೀವರಕ್ಷಕ ಕವಚ ತೊಟ್ಟು ಕುಳಿತರೆ ಪ್ರಯಾಣ ಆರಂಭವಾಗುತ್ತದೆ. ಆದರೆ ವಿಹಾರ ನೌಕೆಯು ಈ ಮೂರು ತಾಲೂಕುಗಳ ಯಾವ ಬಂದರಿನಿಂದಲೂ ಹೊರಡುವುದಿಲ್ಲ. ಅದಕ್ಕಾಗಿ ಮುಂಬಯಿ, ಕೊಚ್ಚಿ ಮುಂತಾದ ದೊಡ್ಡ ಬಂದರುಗಳಿಗೆ ಹೋಗಬೇಕಾಗುತ್ತದೆ. ಊರಿನ ಧಕ್ಕೆಯ ರೂಢಿಯನ್ನೇ ನಂಬಿ ಅಲ್ಲಿಗೆ ಹೋದವರು ಹಡಗನ್ನು ಕಣ್ಣೆದುರಿಗೆ ಕಂಡೂ ಅದನ್ನು ಏರಲಾಗದೆ ಹಿಂತಿರುಗುವ ಸಂಭವವಿದೆ. ಹೀಗೆ ತಪ್ಪಿದ ಪ್ರಯಾಣಕ್ಕೆ ಸಾಮಾನ್ಯವಾಗಿ ಹಣ ಮರಳಿ ದೊರೆಯುವುದಿಲ್ಲವಾದ ಕಾರಣ, ಬಂದರಿನಲ್ಲಿ ನಡೆಯುವ ಕ್ರಮವನ್ನು ಮೊದಲೇ ತಿಳಿದುಕೊಳ್ಳುವುದು ಸೂಕ್ತ.

ನೌಕೆ ಹೊರಡುವ ವೇಳೆ ಮತ್ತು ಪ್ರಯಾಣಿಕರ ವೇಳೆ

ಟಿಕೆಟ್ಟಿನ ಮೇಲೆ ದೊಡ್ಡದಾಗಿ ಮುದ್ರಿತವಾಗಿರುವುದು ನೌಕೆಯು ಬಂದರು ಬಿಡುವ ವೇಳೆ. ಪ್ರಯಾಣಿಕರಿಗೆ ಮುಖ್ಯವಾದುದು ಅದಲ್ಲ. ಚೆಕ್-ಇನ್ ಮುಕ್ತಾಯವಾಗುವ ವೇಳೆಯು ಇದಕ್ಕಿಂತ ಒಂದು ಗಂಟೆಯಿಂದ ಎರಡು ಗಂಟೆ ಅಥವಾ ಅದಕ್ಕೂ ಮುಂಚಿತವಾಗಿ ಇರುತ್ತದೆ ಮತ್ತು ಟಿಕೆಟ್ಟಿನ ಷರತ್ತುಗಳಲ್ಲಿ ಸಣ್ಣ ಅಕ್ಷರಗಳಲ್ಲಿ ನಮೂದಾಗಿರುತ್ತದೆ. ಸಂಜೆ 5 ಗಂಟೆಗೆ ಹೊರಡುವ ನೌಕೆಗೆ 4.30ಕ್ಕೆ ಗೇಟಿನ ಬಳಿ ಬಂದವರನ್ನು ಒಳಗೆ ಬಿಡುವುದು ಸಿಬ್ಬಂದಿಯ ಕೈಯಲ್ಲಿಯೂ ಇರುವುದಿಲ್ಲ. ನೌಕೆಯಲ್ಲಿರುವವರ ಅಂತಿಮ ಪಟ್ಟಿಯನ್ನು ಹೊರಡುವ ಮುನ್ನ ಸಂಬಂಧಪಟ್ಟ ಅಧಿಕಾರಿಗಳಿಗೆ ಒಪ್ಪಿಸಬೇಕಾಗಿರುವುದೇ ಇದಕ್ಕೆ ಕಾರಣ. ರಾಜ್ಯ ರಸ್ತೆ ಸಾರಿಗೆ ಬಸ್ಸಿನ ನಿರ್ವಾಹಕರು ಕೈ ತೋರಿಸಿದವರಿಗಾಗಿ ನಿಲ್ಲಿಸಿದಂತೆ ಇಲ್ಲಿ ನಡೆಯುವುದಿಲ್ಲ.

ಅನೇಕ ನೌಕಾ ಸಂಸ್ಥೆಗಳು ಪ್ರತಿ ಪ್ರಯಾಣಿಕರಿಗೂ ಒಂದು ಆಗಮನ ವೇಳೆಯನ್ನು ನಿಗದಿಪಡಿಸುತ್ತವೆ. ಅಂತರ್ಜಾಲದಲ್ಲಿ ಚೆಕ್-ಇನ್ ಮಾಡುವಾಗ ಇದನ್ನು ಆರಿಸಿಕೊಳ್ಳಬಹುದು. ವೃದ್ಧರು ಹಾಗೂ ಮಕ್ಕಳು ಜೊತೆಗಿದ್ದಲ್ಲಿ ಮೊದಲ ವೇಳೆಗಿಂತ ನಡುವಿನ ವೇಳೆಯೇ ಅನುಕೂಲಕರ. ಮೊದಲ ವೇಳೆಯಲ್ಲಿ ಹಿಂದಿನ ಪ್ರಯಾಣಿಕರು ಇಳಿಯುತ್ತಿರುತ್ತಾರೆ, ಕ್ಯಾಬಿನ್‌ಗಳೂ ಸಿದ್ಧವಾಗಿರುವುದಿಲ್ಲ.

ಕೊಂಕಣ ರೈಲ್ವೆಯಲ್ಲಿ ಪ್ರಯಾಣಿಸುವವರು ನೌಕೆ ಹೊರಡುವ ಹಿಂದಿನ ದಿನವೇ ಬಂದರು ನಗರವನ್ನು ತಲುಪುವುದು ಕ್ಷೇಮ. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಭಟ್ಕಳದಿಂದ ಹೊರಟವರು ಮರುದಿನ ಬೆಳಿಗ್ಗೆ ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್ ತಲುಪುತ್ತಾರೆಂಬುದು ನಿಜ. ಗುಡ್ಡ ಕುಸಿತ ಅಥವಾ ಏಕಹಳಿಯ ಕ್ರಾಸಿಂಗ್‌ನಿಂದ ಕೆಲವು ಗಂಟೆ ತಡವಾದರೆ ರೈಲಿನ ಪ್ರಯಾಣಿಕರಿಗೆ ಬೇಸರವಷ್ಟೇ, ನೌಕೆಯ ಪ್ರಯಾಣಿಕರಿಗೆ ಇಡೀ ಪ್ರವಾಸವೇ ನಷ್ಟ. ಮಳೆಗಾಲದಲ್ಲಿ ಈ ಮಾರ್ಗಕ್ಕೆ ಬೇರೆ ವೇಳಾಪಟ್ಟಿ ಇರುವುದನ್ನೂ ಗಮನಿಸತಕ್ಕದ್ದು. ರೈಲಿನ ಸದ್ಯದ ಸ್ಥಿತಿಯನ್ನು 139 ಸಂಖ್ಯೆಗೆ ಕರೆ ಮಾಡಿ ತಿಳಿಯಬಹುದು.

ಯಾವ ಗೇಟು, ಯಾವ ಧಕ್ಕೆ

ಒಂದೇ ನಗರದಲ್ಲಿ ಜನರು ದೋಣಿ ಅಥವಾ ಹಡಗು ಏರುವ ಸ್ಥಳಗಳು ಹಲವು ಇರುತ್ತವೆ. ಮುಂಬಯಿಯಲ್ಲಿ ವಿಹಾರ ನೌಕೆಗಳ ನಿಲ್ದಾಣವಿರುವುದು ಕೋಟೆ ಪ್ರದೇಶಕ್ಕೆ ಹೊಂದಿದ ಬಲ್ಲಾರ್ಡ್ ಪಿಯರ್‌ನಲ್ಲಿ. ಎಲಿಫೆಂಟಾ ದ್ವೀಪದ ದೋಣಿಗಳು ಹೊರಡುವುದು ಗೇಟ್‌ವೇ ಆಫ್ ಇಂಡಿಯಾದಿಂದ. ಮಾಂಡ್ವಾ ಕಡೆಯ ವಾಹನ ಸಾಗಿಸುವ ಹಡಗು ಮಜಗಾಂವ್‌ನ ಭಾವೂಚಾ ಧಕ್ಕಾದಿಂದ ಹೊರಡುತ್ತದೆ. ಕರಾವಳಿಯ ಹಿರಿಯರಿಗೆ ಮುಂಬಯಿ ಎಂದೊಡನೆ ನೆನಪಾಗುವುದು ಭಾವೂಚಾ ಧಕ್ಕಾವೇ ಆದ್ದರಿಂದ, ಟ್ಯಾಕ್ಸಿ ಚಾಲಕರಿಗೆ ಬರಿದೆ ‘ಧಕ್ಕೆ’ ಅಥವಾ ‘ಬಂದರು’ ಎಂದು ಹೇಳದೆ, ಬೋರ್ಡಿಂಗ್ ಪಾಸ್‌ನಲ್ಲಿರುವ ನಿಲ್ದಾಣದ ಹೆಸರು ಮತ್ತು ಗೇಟಿನ ಹೆಸರನ್ನೇ ತೋರಿಸುವುದು ಒಳ್ಳೆಯದು. ಲೋಕಮಾನ್ಯ ತಿಲಕ್ ಟರ್ಮಿನಸ್ ಇರುವುದು ಕುರ್ಲಾ ಸಮೀಪ. ಅಲ್ಲಿಂದ ಬಲ್ಲಾರ್ಡ್ ಪಿಯರ್‌ಗೆ ನಗರದ ವಾಹನ ದಟ್ಟಣೆಯ ನಡುವೆ ಸಾಗಬೇಕಾಗುತ್ತದೆ.

ಕೊಚ್ಚಿಯಲ್ಲಿ ವಿಹಾರ ನೌಕೆಗಳ ನಿಲ್ದಾಣವು ವಿಲ್ಲಿಂಗ್‌ಡನ್ ದ್ವೀಪದ ಎರ್ನಾಕುಲಂ ವಾರ್ಫ್‌ನಲ್ಲಿದ್ದು, ‘ಸಾಗರಿಕಾ’ ಎಂಬ ಹೆಸರಿನ ಈ ಕಟ್ಟಡವು 2021ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿದೆ. ಲಕ್ಷದ್ವೀಪದ ಪ್ರಯಾಣಿಕ ಹಡಗುಗಳ ವ್ಯವಸ್ಥೆಯು ಇದಕ್ಕಿಂತ ಬೇರೆಯೇ ಆಗಿರುವುದರಿಂದ ಎರಡನ್ನೂ ಒಂದೆಂದು ಭಾವಿಸಬಾರದು.

ಪಣಂಬೂರಿನ ನವಮಂಗಳೂರು ಬಂದರು ಈ ಭಾಗಕ್ಕೆ ಅತ್ಯಂತ ಹತ್ತಿರದ ದೊಡ್ಡ ಬಂದರಾಗಿದ್ದು, ಮಳೆಗಾಲ ಕಳೆದ ಬಳಿಕ ವಿದೇಶಿ ವಿಹಾರ ನೌಕೆಗಳು ಅಲ್ಲಿಗೆ ಬರುತ್ತವೆ. ಆದರೆ ಸಾಮಾನ್ಯವಾಗಿ ಅವುಗಳ ಪ್ರವಾಸಿಗರು ಹಗಲಿನಲ್ಲಿ ಇಳಿದು ಮೂಡಬಿದಿರೆ ಮುಂತಾದ ಸ್ಥಳಗಳನ್ನು ನೋಡಿ ಸಂಜೆ ಅದೇ ನೌಕೆಗೆ ಮರಳುತ್ತಾರೆ. ಮಂಗಳೂರಿಗೆ ನೌಕೆ ಬರುತ್ತದೆ ಎಂದ ಮಾತ್ರಕ್ಕೆ ಅಲ್ಲಿಂದ ಹೊಸಬರು ಹತ್ತಬಹುದು ಎಂದರ್ಥವಲ್ಲ. ಏಜೆಂಟರಿಂದ ಟಿಕೆಟ್ ಪಡೆಯುವವರು ‘ಹತ್ತುವ ಬಂದರು’ ಎಂಬ ಅಂಕಣವನ್ನು ಹಣ ಪಾವತಿಸುವ ಮುನ್ನವೇ ಓದಿಕೊಳ್ಳತಕ್ಕದ್ದು.

ಗೇಟಿನಿಂದ ಏಣಿಯವರೆಗೆ

ದೊಡ್ಡ ಬಂದರುಗಳು ನಿರ್ಬಂಧಿತ ಪ್ರದೇಶಗಳಾಗಿವೆ. ಹಡಗು ಹಾಗೂ ಬಂದರುಗಳ ಭದ್ರತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಂಹಿತೆಯು 2004ರ ಜುಲೈ 1ರಿಂದ ಜಾರಿಗೆ ಬಂದ ಬಳಿಕ ಬೀಳ್ಕೊಡಲು ಬಂದವರು ಹಡಗಿನ ಬದಿಯವರೆಗೆ ಹೋಗುವ ಹಳೆಯ ಪದ್ಧತಿಗೆ ಅವಕಾಶವಿಲ್ಲ. ಗೇಟಿನಲ್ಲಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿ ಬೋರ್ಡಿಂಗ್ ಪಾಸ್ ಹಾಗೂ ಗುರುತಿನ ಚೀಟಿಯನ್ನು ಪರಿಶೀಲಿಸುತ್ತಾರೆ. ಆದ್ದರಿಂದ ಇವೆರಡರ ಮುದ್ರಿತ ಪ್ರತಿಯನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು. ಮೊಬೈಲ್‌ನಲ್ಲಿ ಮಾತ್ರ ಇಟ್ಟುಕೊಂಡವರು, ಬ್ಯಾಟರಿ ಮುಗಿದಾಗ ಗೇಟಿನ ಹೊರಗೇ ನಿಲ್ಲಬೇಕಾದೀತು.

ನಿಲ್ದಾಣದ ಬಾಗಿಲಲ್ಲಿ ದೊಡ್ಡ ಲಗೇಜನ್ನು ಹಮಾಲರು ಪಡೆದುಕೊಳ್ಳುತ್ತಾರೆ. ಕ್ಯಾಬಿನ್ ಸಂಖ್ಯೆ ಬರೆದ ಚೀಟಿಯನ್ನು ಪ್ರತಿ ಪೆಟ್ಟಿಗೆಗೂ ಮೊದಲೇ ಕಟ್ಟಿರಬೇಕು. ಇಲ್ಲಿ ಒಪ್ಪಿಸಿದ ಪೆಟ್ಟಿಗೆಯು ಎಕ್ಸ್-ರೇ ಪರೀಕ್ಷೆಯ ನಂತರ ಕ್ಯಾಬಿನ್ ತಲುಪಲು ಹಲವು ಗಂಟೆ ಹಿಡಿಯಬಹುದು, ರಾತ್ರಿಯಾದರೂ ಆಗಬಹುದು. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದ ಔಷಧಿ, ಕನ್ನಡಕ, ಮೂಲ ದಾಖಲೆಗಳು, ಆಭರಣ ಮತ್ತು ಒಂದು ಜೊತೆ ಬಟ್ಟೆಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಇನ್ಸುಲಿನ್ ಬಳಸುವವರು ಈ ಸೂಚನೆಯನ್ನು ಎಷ್ಟು ಗಂಭೀರವಾಗಿ ಪರಿಗಣಿಸಿದರೂ ಹೆಚ್ಚಲ್ಲ. ವೈದ್ಯರ ಚೀಟಿಯೂ ಜೊತೆಗಿರಬೇಕು.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ವಿದ್ಯುತ್ ಪಾತ್ರೆ, ಚಾಕು, ಊದುಬತ್ತಿ, ಮೇಣದ ಬತ್ತಿ ಮುಂತಾದುವುಗಳನ್ನು ಬೆಂಕಿಯ ಭಯದಿಂದಾಗಿಯೂ ಭದ್ರತೆಯ ದೃಷ್ಟಿಯಿಂದಲೂ ತಡೆಹಿಡಿಯಲಾಗುತ್ತದೆ. ಮನೆಯಲ್ಲಿ ಮಾಡಿದ ಅಡುಗೆಗೂ ಹೆಚ್ಚಿನ ನೌಕೆಗಳಲ್ಲಿ ಅನುಮತಿಯಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಊರಿನಲ್ಲೇ ಬಿಟ್ಟು ಬರುವುದು ಲೇಸು. ಸಸ್ಯಾಹಾರ, ಜೈನ ಆಹಾರ ಅಥವಾ ಹಲಾಲ್ ಆಹಾರ ಬೇಕಾದವರು ಟಿಕೆಟ್ ಪಡೆಯುವಾಗಲೇ ತಿಳಿಸಿದರೆ ಗೊಂದಲವಿರುವುದಿಲ್ಲ.

ನಂತರದ್ದು ದಾಖಲೆಗಳ ಪರಿಶೀಲನೆ. ಭಾರತದ ಬಂದರುಗಳ ನಡುವೆ ಮಾತ್ರ ಸಂಚರಿಸುವ ಪ್ರಯಾಣಕ್ಕೆ ಭಾರತೀಯರಿಗೆ ಸರ್ಕಾರವು ನೀಡಿದ ಭಾವಚಿತ್ರವುಳ್ಳ ಮೂಲ ಗುರುತಿನ ಚೀಟಿ ಬೇಕಾಗುತ್ತದೆ. ವಿದೇಶಿ ಬಂದರಿಗೆ ಹೋಗುವುದಾದರೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್, ಅಗತ್ಯವಿದ್ದಲ್ಲಿ ವೀಸಾ ಬೇಕು ಹಾಗೂ ವಲಸೆ ಮತ್ತು ಸುಂಕ ಅಧಿಕಾರಿಗಳ ತಪಾಸಣೆಯೂ ಇರುತ್ತದೆ. ಈ ಭಾಗದಲ್ಲಿ ಹೆಚ್ಚಾಗಿ ತೊಡಕಾಗುವುದು ಹೆಸರಿನ ವಿಷಯ. ಆಧಾರ್‌ನಲ್ಲಿ ತಂದೆಯ ಹೆಸರು ಸೇರಿದ್ದು, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿದ್ದು, ಟಿಕೆಟ್ಟಿನಲ್ಲಿ ಊರಿನಲ್ಲಿ ಕರೆಯುವ ಹೆಸರಿದ್ದರೆ ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ತೋರಿಸಲಿರುವ ದಾಖಲೆಯಲ್ಲಿರುವಂತೆಯೇ, ಅಕ್ಷರ ವ್ಯತ್ಯಾಸವಿಲ್ಲದೆ, ಟಿಕೆಟ್ ಪಡೆಯಬೇಕು. ಗಲ್ಫ್ ರಾಷ್ಟ್ರಗಳಿಂದ ರಜೆಗೆ ಬಂದ ಕುಟುಂಬದವರಿಗೆ ಪಾಸ್‌ಪೋರ್ಟಿನ ಹೆಸರು ಅಭ್ಯಾಸವಾಗಿರುತ್ತದೆ. ಜೊತೆಗೆ ಹೊರಡುವ ಊರಿನ ತಂದೆ-ತಾಯಿಯರ ದಾಖಲೆಗಳನ್ನು ಪರಿಶೀಲಿಸುವುದೇ ಮರೆತುಹೋಗುತ್ತದೆ.

ಗರ್ಭಿಣಿಯರು 24ನೆಯ ವಾರವನ್ನು ತಲುಪಿದ್ದಲ್ಲಿ ಬಹುತೇಕ ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ. ಆರು ತಿಂಗಳಿಗಿಂತ ಚಿಕ್ಕ ಶಿಶುಗಳಿಗೂ ಸಾಮಾನ್ಯವಾಗಿ ಇದೇ ನಿಯಮ. ನಡೆಯಲು ಕಷ್ಟಪಡುವವರಿಗೆ ಗಾಲಿಕುರ್ಚಿಯನ್ನು ಮುಂಗಡವಾಗಿ ಕೋರಬೇಕು, ಏಕೆಂದರೆ ಉಬ್ಬರವಿಳಿತಕ್ಕೆ ತಕ್ಕಂತೆ ಹಡಗಿನ ಏಣಿಯ ಇಳಿಜಾರು ಬದಲಾಗುತ್ತದೆ.

ಕೊನೆಯಲ್ಲಿ ಭಾವಚಿತ್ರ ತೆಗೆದು ಒಂದು ಕಾರ್ಡನ್ನು ನೀಡಲಾಗುತ್ತದೆ. ಕ್ಯಾಬಿನ್ನಿನ ಬೀಗದ ಕೈ, ಹಡಗಿನೊಳಗಿನ ಹಣ ಮತ್ತು ಇಳಿದು ಹತ್ತುವಾಗಿನ ಗುರುತು ಎಲ್ಲವೂ ಆ ಕಾರ್ಡೇ. ವಿದೇಶ ಪ್ರಯಾಣದಲ್ಲಿ ಕೆಲವು ನೌಕೆಗಳು ಪಾಸ್‌ಪೋರ್ಟನ್ನು ತಮ್ಮ ಬಳಿ ಇಟ್ಟುಕೊಳ್ಳುವುದುಂಟು. ಇದಕ್ಕೆ ಗಾಬರಿಯಾಗಬೇಕಿಲ್ಲ, ಆದರೆ ರಸೀದಿ ಪಡೆಯುವುದು ಮತ್ತು ನಕಲು ಪ್ರತಿ ಇಟ್ಟುಕೊಳ್ಳುವುದು ಒಳಿತು.

ಮೊದಲ ಸೈರನ್

ನೌಕೆ ಹೊರಡುವ ಮುನ್ನ ತುರ್ತು ಅಭ್ಯಾಸ ನಡೆಯುತ್ತದೆ. ಏಳು ಚಿಕ್ಕ ಹಾಗೂ ಒಂದು ದೀರ್ಘ ಸೈರನ್ ಕೇಳಿದಾಗ ಯಾವ ಸ್ಥಳದಲ್ಲಿ ಸೇರಬೇಕು, ಕವಚವನ್ನು ಹೇಗೆ ತೊಡಬೇಕು ಎಂಬುದನ್ನು ಇಲ್ಲಿ ತಿಳಿಸಲಾಗುತ್ತದೆ. ಊಟದ ಸಮಯವೆಂದೋ, ಈಜು ಬರುತ್ತದೆಂದೋ ಇದನ್ನು ತಪ್ಪಿಸುವವರಿದ್ದಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರ ನೌಕೆ ಬಂಡೆಗೆ ತಾಗಿ ಮಗುಚಿದಾಗ 32 ಮಂದಿ ಮೃತಪಟ್ಟರು. ಅಂದು ಸಂಜೆಯಷ್ಟೇ ಚಿವಿತಾವೆಕ್ಕಿಯಾ ಬಂದರಿನಲ್ಲಿ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಅಭ್ಯಾಸವೇ ನಡೆದಿರಲಿಲ್ಲ. 24 ಗಂಟೆಯೊಳಗೆ ನಡೆಸಿದರೆ ಸಾಕೆಂಬುದು ಅಂದಿನ ನಿಯಮವಾಗಿತ್ತು. 2015ರ ಜನವರಿ 1ರಿಂದ ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅಭ್ಯಾಸ ನಡೆಸುವುದನ್ನು ಕಡ್ಡಾಯಗೊಳಿಸಲಾಗಿದೆ.

ಲಕ್ಷದ್ವೀಪಕ್ಕೆ ಹೋಗುವವರು

ಕೊಚ್ಚಿಯಿಂದ ಲಕ್ಷದ್ವೀಪದ ಹಡಗಿನಲ್ಲಿ ಹೋಗುವವರಿಗೆ ಟಿಕೆಟ್ ಮಾತ್ರ ಸಾಲದು. 1967ರ ನಿಯಮಗಳ ಪ್ರಕಾರ ದ್ವೀಪವಾಸಿಗಳಲ್ಲದವರು ಪ್ರವೇಶ ಪರವಾನಗಿ ಪಡೆದಿರಬೇಕು. ಪರವಾನಗಿ ಕೈಸೇರದೆ ಊರಿನಿಂದ ಹೊರಡುವುದು ಬೇಡ. ದ್ವೀಪಗಳಲ್ಲಿ ಇಳಿಯುವ ಕ್ರಮವೂ ಭಿನ್ನ. ಅನೇಕ ಕಡೆ ಹಡಗು ಹವಳದ ದಂಡೆಯ ಹೊರಗೆ ನಿಲ್ಲುತ್ತದೆ, ಅಲೆಯ ಏರಿಳಿತ ನೋಡಿ ಪ್ರಯಾಣಿಕರು ಚಿಕ್ಕ ದೋಣಿಗೆ ಇಳಿಯಬೇಕಾಗುತ್ತದೆ. ನಾವಿಕರು ಕೈ ಹಿಡಿದು ಹೇಳಿದ ಕ್ಷಣದಲ್ಲಿ ಕಾಲಿಡಬೇಕು, ಎರಡೂ ಕೈಗಳು ಖಾಲಿಯಿರಬೇಕು, ಸೀರೆಗಿಂತ ಓಡಾಟಕ್ಕೆ ಅಡ್ಡಿಯಾಗದ ಉಡುಪು ಸೂಕ್ತ.

ಕೆನರಾ ಕರಾವಳಿಯಲ್ಲಿಯೂ ಹಿಂದೆ ಇದೇ ರೂಢಿಯಿತ್ತು. ಮುಂಬಯಿಯಿಂದ ಬರುತ್ತಿದ್ದ ಉಗಿಹಡಗುಗಳು ದಂಡೆಗೆ ದೂರದಲ್ಲಿ ಲಂಗರು ಹಾಕುತ್ತಿದ್ದವು. ಜನರೂ ಸರಕೂ ದೋಣಿಗಳಲ್ಲಿ ದಡ ಸೇರಬೇಕಿತ್ತು, ಮಳೆಗಾಲದಲ್ಲಿ ಸಂಚಾರವೇ ನಿಲ್ಲುತ್ತಿತ್ತು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದು, ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ವೆಚ್ಚದ ಬಗ್ಗೆ

ಜಾಹೀರಾತಿನಲ್ಲಿ ಕಾಣುವ ದರಕ್ಕೂ ಪಾವತಿಸುವ ಮೊತ್ತಕ್ಕೂ ವ್ಯತ್ಯಾಸವಿರುತ್ತದೆ. ಬಂದರು ಶುಲ್ಕ, ಸರಕು ಮತ್ತು ಸೇವಾ ತೆರಿಗೆ ಹಾಗೂ ಸಿಬ್ಬಂದಿಯ ಸೇವಾ ಶುಲ್ಕ ಪ್ರತ್ಯೇಕವಾಗಿರಬಹುದು. ಎಲ್ಲವೂ ಸೇರಿದ ಒಟ್ಟು ಮೊತ್ತವನ್ನು ಲಿಖಿತವಾಗಿ ಪಡೆಯಬೇಕು. ಇಬ್ಬರು ಇರುವ ಕ್ಯಾಬಿನ್ನಿಗೆ ತಲಾ ದರ ತೋರಿಸುವುದು ವಾಡಿಕೆಯಾದ್ದರಿಂದ ಒಬ್ಬರೇ ಹೋಗುವವರಿಗೆ ಹೆಚ್ಚು ಬೀಳುತ್ತದೆ. ವಿದೇಶ ಪ್ರವಾಸದ ಪ್ಯಾಕೇಜಿಗೆ ಮೂಲದಲ್ಲಿ ಸಂಗ್ರಹಿಸುವ ತೆರಿಗೆಯೂ ಅನ್ವಯಿಸುತ್ತದೆ. ಪ್ಯಾನ್ ಸಂಖ್ಯೆಯನ್ನು ಸರಿಯಾಗಿ ನೀಡಿದ್ದರೆ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಾಣಿಕೆ ಮಾಡಿಕೊಳ್ಳಬಹುದು. ಹಡಗಿನೊಳಗೆ ನಗದು ನಡೆಯುವುದಿಲ್ಲ. ಕಾರ್ಡಿನಲ್ಲಿ ಬರೆದ ವೆಚ್ಚವು ಕೊನೆಯ ದಿನ ಒಟ್ಟಾಗಿ ಬರುತ್ತದೆ. ಪಾನೀಯ, ಅಂತರ್ಜಾಲ ಮತ್ತು ವೈದ್ಯರ ಭೇಟಿ ದುಬಾರಿಯಾಗಿರುವುದರಿಂದ ಪ್ರತಿ ಸಂಜೆ ಲೆಕ್ಕ ನೋಡಿಕೊಳ್ಳುವುದು ಜಾಣತನ. ವೈದ್ಯಕೀಯ ವೆಚ್ಚ ಹಾಗೂ ತಪ್ಪಿದ ಪ್ರಯಾಣ ಎರಡನ್ನೂ ಒಳಗೊಳ್ಳುವ ವಿಮೆ ಇದೆಯೇ ಎಂದು ಪಾಲಿಸಿಯಲ್ಲಿ ಓದಿ ನೋಡಬೇಕು.

ಇಳಿಯುವಾಗ

ಹಿಂದಿನ ರಾತ್ರಿಯೇ ಪೆಟ್ಟಿಗೆಗಳನ್ನು ಕ್ಯಾಬಿನ್ನಿನ ಹೊರಗೆ ಇರಿಸಬೇಕು. ಮರುದಿನ ಉಡಲಿರುವ ಬಟ್ಟೆ ಮತ್ತು ಬೆಳಗಿನ ಔಷಧಿಯನ್ನು ಅದರಲ್ಲಿ ಸೇರಿಸಿಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಬೆಳಿಗ್ಗೆ ನೌಕೆ ಧಕ್ಕೆಗೆ ತಾಗಿದ ಕೂಡಲೇ ಇಳಿಯಲು ಬಿಡುವುದಿಲ್ಲ. ತಪಾಸಣೆ ಮುಗಿದ ಮೇಲೆ ಸರದಿಯಂತೆ ಬಿಡುತ್ತಾರೆ. ಊರಿಗೆ ಮರಳುವ ರೈಲಿನ ಟಿಕೆಟ್ಟನ್ನು ಅಂದಿನ ಮಧ್ಯಾಹ್ನದ ನಂತರದ ವೇಳೆಗೆ ಪಡೆದಿರತಕ್ಕದ್ದು.